ಸಹಿಗೆ ಮುನ್ನ ಸಲಹೆ: ಉಚಿತ ಕಾನೂನು ನೆರವು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು

(ಚಿಕ್ಕನಾಯಕನಹಳ್ಳಿ ತಾಲ್ಲೂಕು ಹುಳಿಯಾರು ಹೋಬಳಿಯ ಕೆಂಕೆರೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಕೆಂಕೆರೆಯಂತಹ ತೆಂಗಿನ ಸೀಮೆಯಲ್ಲಿ ಅನೇಕ ಮನೆಗಳ ಬದುಕು ತೋಟವನ್ನೇ ನಂಬಿ ನಿಂತಿದೆ. ಪಾಲು, ಬದು, ತೋಟದ ದಾರಿ, ಕೊಳವೆಬಾವಿಯ ನೀರು ಎಂದು ವ್ಯಾಜ್ಯಗಳೂ ತೋಟದ ಸುತ್ತಲೇ ಹುಟ್ಟುತ್ತವೆ. ಆಗ ಜನರು ವಕೀಲರ ಬಳಿಗೆ ಹೋಗುವ ಮೊದಲು ತಮ್ಮ ವಾರ್ಡಿನ ಸದಸ್ಯರ ಮನೆಗೆ ಬರುವುದುಂಟು. ಆ ಹೊತ್ತಿನಲ್ಲಿ ಸದಸ್ಯರು ಆಡುವ ಒಂದು ಮಾತು ಒಬ್ಬರ ಹಕ್ಕನ್ನು ಉಳಿಸಬಹುದು, ಕಳೆಯಲೂಬಹುದು.

ಒಂದು ಸನ್ನಿವೇಶವನ್ನು ಊಹಿಸಬಹುದು. ತಂದೆ ತೀರಿಕೊಂಡ ಬಳಿಕ ಗಂಡುಮಕ್ಕಳು ಪಿತ್ರಾರ್ಜಿತ ತೋಟವನ್ನು ಹಂಚಿಕೊಳ್ಳಲು ಹೊರಡುತ್ತಾರೆ. ಮದುವೆಯಾಗಿ ಹೋದ ಅಕ್ಕನನ್ನು ಕರೆಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಂತೆ ಕೇಳುತ್ತಾರೆ. “ಮದುವೆಗೆ ಖರ್ಚು ಮಾಡಿದ್ದಾಗಿದೆ, ಇನ್ನೇನು ಪಾಲು?” ಎಂಬ ಮಾತೂ ಬರುತ್ತದೆ. ತವರಿನ ನಂಟು ಕೆಡಬಾರದೆಂಬ ಅಳುಕಿನಿಂದ ಆಕೆ ಸದಸ್ಯರನ್ನು ಕೇಳಲು ಬರುತ್ತಾರೆ.

ಕಾನೂನು ಈ ವಿಷಯದಲ್ಲಿ ಹಂತಹಂತವಾಗಿ ಬದಲಾಗಿದೆ. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ನೀಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ತೆಗೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಜೀವಂತವಾಗಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿರುವ ವಿಭಾಗಕ್ಕೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಗೆ ನಿಯಮ ಬೇರೆ. ಅನ್ಯ ಧರ್ಮೀಯರಿಗೆ ಅನ್ವಯಿಸುವ ಕಾನೂನೂ ಬೇರೆ.

ಆದುದರಿಂದ “ನಿಮಗೆ ಪಾಲು ಬರುತ್ತದೆ” ಎಂದಾಗಲಿ, “ಬರುವುದಿಲ್ಲ” ಎಂದಾಗಲಿ ತೀರ್ಪು ನೀಡುವುದು ಸದಸ್ಯರ ಕೆಲಸವಲ್ಲ. “ಸಲಹೆ ಪಡೆಯುವವರೆಗೆ ಸಹಿ ಹಾಕಬೇಡಿ” ಎಂಬಷ್ಟೇ ಮಾತು ಸಾಕು. ಎಲ್ಲವನ್ನೂ ತಿಳಿದು ಮನಃಪೂರ್ವಕವಾಗಿ ಪಾಲು ಬಿಟ್ಟುಕೊಡುವ ಸ್ವಾತಂತ್ರ್ಯ ಆಕೆಗಿದೆ. ತಿಳಿಯದೆ ಹಾಕಿದ ಸಹಿಯನ್ನು ರದ್ದುಪಡಿಸಿಕೊಳ್ಳಲು ಮಾತ್ರ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಅದಕ್ಕೆ ಕಾಲಮಿತಿಯೂ ಇದೆ.

ಸಲಹೆ ಎಲ್ಲಿ ದೊರೆಯುತ್ತದೆ? ಸಂವಿಧಾನದ 39-ಎ ಅನುಚ್ಛೇದದ ಆಶಯದಂತೆ ರೂಪುಗೊಂಡ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ದೇಶದಲ್ಲಿ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಇದರನ್ವಯ ತಾಲ್ಲೂಕು ಮಟ್ಟದಲ್ಲಿ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯೂ, ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರವೂ ಕಾರ್ಯನಿರ್ವಹಿಸುತ್ತವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಪ್ರಕೃತಿ ವಿಕೋಪಕ್ಕೆ ತುತ್ತಾದವರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಇತರರಿಗೆ ಸರ್ಕಾರ ನಿಗದಿಪಡಿಸಿದ ವಾರ್ಷಿಕ ಆದಾಯದ ಮಿತಿಯುಂಟು. ಅದಕ್ಕೆ ಸಾಮಾನ್ಯವಾಗಿ ಅರ್ಜಿದಾರರ ಪ್ರಮಾಣಪತ್ರವೇ ಸಾಕಾಗುತ್ತದೆ. ವಕೀಲರ ನೇಮಕ, ನ್ಯಾಯಾಲಯದ ಶುಲ್ಕ, ದಾಖಲೆಗಳ ತಯಾರಿ ಎಲ್ಲವೂ ಈ ನೆರವಿನಲ್ಲಿ ಸೇರಿವೆ. ಓದುಬರಹ ಬಾರದವರು ಬಾಯಿಮಾತಿನಲ್ಲಿ ತಿಳಿಸಿದರೆ ಅರ್ಜಿಯನ್ನು ಬರೆದುಕೊಳ್ಳಲಾಗುತ್ತದೆ. ಮನೆಯಿಂದಲೇ ವಿಚಾರಿಸಲು 15100 ಸಹಾಯವಾಣಿ ಇದೆ.

ಮೊಕದ್ದಮೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ. ಅಣ್ಣ ತಂಗಿಯರ ನಂಟು ಉಳಿಯಬೇಕೆನ್ನುವವರಿಗೆ ಇದು ಹಿತವಾದ ದಾರಿ. ಆದರೆ ಅಲ್ಲಿನ ರಾಜಿಯು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿ ಇಲ್ಲ. ಅಲ್ಲಿಯೂ ಒಪ್ಪುವ ಮೊದಲು ಪ್ರತಿಯೊಂದು ಷರತ್ತನ್ನೂ ತಿಳಿದುಕೊಳ್ಳಬೇಕು.

ನೆರವು ಕೋರಿ ಹೋಗುವವರು ಪಹಣಿ, ಮ್ಯುಟೇಷನ್ ಪ್ರತಿ, ವಂಶವೃಕ್ಷ ಮತ್ತು ಋಣಭಾರ ಪತ್ರಗಳನ್ನು ಜೊತೆಗೊಯ್ದರೆ ಸಲಹೆ ಬೇಗ ಸಿಗುತ್ತದೆ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆಯೆಂದು ಆಕೆಯನ್ನು ಹಿಂದಕ್ಕೆ ಕಳುಹಿಸಬಾರದು. ಪಹಣಿಯ ನಮೂದು ಬೇರೆ ಪುರಾವೆ ಬರುವವರೆಗೆ ಸತ್ಯವೆಂದು ಭಾವಿಸಲ್ಪಡುತ್ತದೆಯೇ ಹೊರತು ಅದೇ ಒಡೆತನದ ಕೊನೆಯ ಮಾತಲ್ಲ. ಸಾರ್ವಜನಿಕ ಕಚೇರಿಯು ಮಾಹಿತಿ ನೀಡದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಅರ್ಜಿ ಸಲ್ಲಿಸಬಹುದು; ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವಿದೆ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಸದಸ್ಯರಿಂದ ಅಪೇಕ್ಷಿಸುವ ಕಾರ್ಯಗಳು ಮೂರು. ಪಂಚಾಯಿತಿ ಕಚೇರಿಯ ಫಲಕದಲ್ಲಿ 15100 ಸಂಖ್ಯೆಯನ್ನೂ ತಾಲ್ಲೂಕು ಸಮಿತಿಯ ವಿಳಾಸವನ್ನೂ ಬರೆಯಿಸುವುದು. ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಓದಿ ಹೇಳಿಸುವುದು. ನೆರವು ಕೇಳಿ ಬಂದವರನ್ನು, ಅವರು ಯಾವ ಪಕ್ಷದವರೆಂದು ನೋಡದೆ, ಸಮಿತಿಯವರೆಗೆ ತಲುಪಿಸುವುದು. ಇಷ್ಟಾದರೆ, ಅಳುಕುತ್ತ ಬಂದ ಹೆಣ್ಣುಮಗಳು ಸಹಿ ಹಾಕಿದರೂ ಹಾಕದಿದ್ದರೂ, ತಿಳಿದೇ ನಿರ್ಧರಿಸಿದಂತಾಗುತ್ತದೆ.