ಸಂಬಳ ಸರಕಾರದ್ದು, ನೇಮಕ ಯಾರದ್ದು?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಲಸ ಕೇಳುವವರಿಗೆ ಬುದ್ಧಿ ಹೇಳುವವರು ನಮ್ಮಲ್ಲಿ ತುಂಬ ಮಂದಿ ಇದ್ದಾರೆ. ಚೆನ್ನಾಗಿ ಕಲಿಯಿರಿ, ಕುಡಿಯಬೇಡಿ, ಪಿ.ಎಸ್.ಸಿ.ಗೆ ಅರ್ಜಿ ಹಾಕಿ ಎಂದು. ಕೆಲಸ ಕೊಡುವವರಿಗೆ ಹೇಳುವವರು ಕಡಿಮೆ. ಈ ಸ್ಮರಣ ಸಂಚಿಕೆ ಜಾಹೀರಾತು ಕೊಟ್ಟ ಅಂಗಡಿಯವರ, ಸಹಕಾರಿ ಬ್ಯಾಂಕಿನ ನಿರ್ದೇಶಕರ, ಶಾಲಾ ಮೆನೇಜರರ ಕೈಗೂ ಹೋಗ್ತದೆ. ಓದುತ್ತಿರುವ ನೀವು ಅವರಲ್ಲಿ ಒಬ್ಬರಾದರೆ, ಇದು ನಿಮಗೇ.

ನಮ್ಮ ಕಾಲನಿಯ ಒಬ್ಬಳು ಹುಡುಗಿ ಟಿ.ಟಿ.ಸಿ. ಮಾಡಿ, ಕೆ-ಟೆಟ್ ಪಾಸಾದಳು. ತಾನು ಕಲಿತ ಎಯ್ಡೆಡ್ ಶಾಲೆಯಲ್ಲೇ ಒಂದು ಪೋಸ್ಟ್ ಖಾಲಿ ಉಂಟೆಂದು ಕೇಳಿ ಹೋದಳು. ಯಾರೂ ಬಯ್ಯಲಿಲ್ಲ. ಕೂತುಕೊಳ್ಳಿಸಿ ಚಾ ಕೊಟ್ಟರು. ಅಪ್ಪನಿಗೆ ಏನು ಕೆಲಸ ಎಂದು ಕೇಳಿದರು. ಆಮೇಲೆ, "ಅದು ಮೊದಲೇ ಒಬ್ಬರಿಗೆ ಹೇಳಿ ಆಗಿದೆಯಲ್ಲ ಮಗಾ" ಅಂದರು. ಹೊಡೆದರೆ ಕೇಸು ಕೊಡಬಹುದು. ಚಾ ಕೊಟ್ಟು ಕಳಿಸಿದರೆ ಯಾರ ಹತ್ತಿರ ಹೇಳುದು?

ಈ ಲೆಕ್ಕ ಸ್ವಲ್ಪ ನೋಡಿ. ಎಯ್ಡೆಡ್ ಶಾಲೆಯ ಅಧ್ಯಾಪಕರಿಗೆ ಸಂಬಳ ಸರಕಾರದ ಖಜಾನೆಯಿಂದ, ಪೆನ್ಶನೂ ಅಲ್ಲಿಂದಲೇ. ಆ ಖಜಾನೆಗೆ ನಮ್ಮ ಅಪ್ಪ ಅಮ್ಮಂದಿರ ತೆರಿಗೆಯೂ ಸೇರಿದೆ. ಬೆಂಕಿಪೆಟ್ಟಿಗೆ ತೆಗೆದರೂ ತೆರಿಗೆ ಉಂಟಲ್ಲ? ಪಿ.ಎಸ್.ಸಿ. ಮೂಲಕ ಸರಕಾರಿ ಶಾಲೆಗೆ ನೇಮಕ ಆಗುವಾಗ ಪರಿಶಿಷ್ಟ ಜಾತಿಗೆ ಶೇಕಡಾ 8, ಪರಿಶಿಷ್ಟ ಪಂಗಡಕ್ಕೆ ಶೇಕಡಾ 2 ಮೀಸಲಾತಿ ಇದೆ. ಎಯ್ಡೆಡ್ ಶಾಲೆಯಲ್ಲಿ ನೇಮಿಸುವವರು ಮೆನೇಜರು. ಅಲ್ಲಿ ನಮಗೆ ಮೀಸಲಾತಿ ಇಲ್ಲ. ಸಂಬಳ ಒಂದೇ, ಪಾಠಪುಸ್ತಕ ಒಂದೇ, ಬಾಗಿಲು ಮಾತ್ರ ಬೇರೆ.

ಇದು ದೇವರು ಬರೆದ ನಿಯಮ ಅಲ್ಲ. 1957ರಲ್ಲಿ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿಯವರು ತಂದ ಮಸೂದೆಯ 11ನೇ ಕಲಮು, ಎಯ್ಡೆಡ್ ಶಾಲೆಗೂ ಪಿ.ಎಸ್.ಸಿ. ತಯಾರಿಸಿದ ಪಟ್ಟಿಯಿಂದಲೇ ಅಧ್ಯಾಪಕರನ್ನು ತೆಗೆದುಕೊಳ್ಳಬೇಕು ಎಂದಿತ್ತು. ವಿಮೋಚನಾ ಸಮರ ಎದ್ದಿತು. 1959ರ ಜುಲಾಯಿ 31ರಂದು ಇ.ಎಂ.ಎಸ್. ಸರಕಾರವೇ ವಜಾ ಆಯಿತು. 1960ರ ತಿದ್ದುಪಡಿಯಲ್ಲಿ ನೇಮಕದ ಅಧಿಕಾರ ಮತ್ತೆ ಮೆನೇಜರರ ಕೈಗೆ ಹೋಯಿತು. ಬಾಗಿಲು ಒಮ್ಮೆ ತೆರೆಯುವುದರಲ್ಲಿತ್ತು, ಮುಚ್ಚಿದ್ದು ಮನುಷ್ಯರೇ.

"ಖಾಸಗಿ ಮೆನೇಜ್‌ಮೆಂಟಿಗೆ ಮೀಸಲಾತಿ ಹೇರ್ಲಿಕ್ಕೆ ಆಗುದಿಲ್ಲ" ಎಂದು ಕೆಲವರು ಹೇಳ್ತಾರೆ. ಆದರೆ ಅಂಗವಿಕಲರಿಗೆ 2016ರ ಕಾನೂನು ಕೊಟ್ಟ ಶೇಕಡಾ 4 ಮೀಸಲಾತಿ ಎಯ್ಡೆಡ್ ಶಾಲೆಗಳಿಗೂ ಅನ್ವಯ ಆಗಿದೆ. ಅದು ನ್ಯಾಯವೇ, ನಮಗೂ ಸಂತೋಷವೇ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿ ನಮ್ಮವರಿಗೆ ಅಕ್ಷರ ಕೊಟ್ಟರು. ತಿರುವಿದಾಂಕೂರಿನಲ್ಲಿ ಅಯ್ಯಂಕಾಳಿಯವರು, ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಎಂದು ಕೂಲಿಗಳ ಮುಷ್ಕರ ನಡೆಸಿದರು. ಆಗ ಬೆಂಚಿನ ಮೇಲೆ ಕೂರುವ ಹಕ್ಕು ಬೇಕಿತ್ತು. ಈಗ ಬೇಕಾದ್ದು ಬೋರ್ಡಿನ ಮುಂದೆ ನಿಲ್ಲುವ ಹಕ್ಕು. ಕೊರಗರ, ಮೊಗೇರರ ಮಗು ತನ್ನವರೊಬ್ಬರನ್ನು ಟೀಚರಾಗಿ ಕಂಡರೆ, ಆ ಮಗು ಶಾಲೆ ಬಿಡುವ ಮೊದಲು ಎರಡು ಸಲ ಯೋಚಿಸ್ತದೆ.

ಕಾನೂನು ಬರುವ ತನಕ ನಿಮ್ಮ ಕೈ ಕಟ್ಟಿ ಹಾಕಿದವರು ಯಾರೂ ಇಲ್ಲ. ನಾಲ್ಕು ಕೆಲಸ ನಾಳೆಯೇ ಮಾಡಬಹುದು.

ಒಂದು, ಖಾಲಿ ಪೋಸ್ಟನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಪ್ರಕಟಿಸಿ. ಕಾಲನಿಯ ಗ್ರಂಥಾಲಯದ ಗೋಡೆಗೂ ಒಂದು ಪ್ರತಿ ಅಂಟಿಸಿ.

ಎರಡು, ಸಂದರ್ಶನದಲ್ಲಿ ಪಾಠ ಮಾಡಿಸಿ ನೋಡಿ. ಅಪ್ಪನ ಕೆಲಸ, ಮನೆ ಇರುವ ಜಾಗ ಕೇಳಬೇಡಿ. ಲಕ್ಷದ ಲೆಕ್ಕವನ್ನಂತೂ ಎತ್ತಲೇಬೇಡಿ.

ಮೂರು, ಅಂಗಡಿಯವರೇ, ನಮ್ಮ ಹುಡುಗನಿಗೆ ಗೋಣಿ ಹೊರುವ ಕೆಲಸ ಮಾತ್ರ ಕೊಡಬೇಡಿ, ಕ್ಯಾಶ್ ಕೌಂಟರಿನಲ್ಲೂ ಕೂರಿಸಿ. ನಂಬಿಕೆ ಅಂದರೆ ಅದು.

ನಾಲ್ಕು, ಕೆಲಸ ಸಿಕ್ಕಿದ ಮೇಲೆ ಊಟದ ಹೊತ್ತಿಗೆ ಅವರನ್ನು ಒಂಟಿ ಮಾಡಬೇಡಿ. ಅಸ್ಪೃಶ್ಯತೆಯ ಹೆಸರಲ್ಲಿ ಒಬ್ಬರನ್ನು ಉದ್ಯೋಗದಿಂದ ತಡೆಯುವುದು 1955ರ ನಾಗರಿಕ ಹಕ್ಕುಗಳ ಕಾಯಿದೆಯಲ್ಲೇ ಅಪರಾಧ. ಆದರೆ ಬುತ್ತಿ ಬಿಚ್ಚುವಾಗ ಸ್ವಲ್ಪ ಸರಿದು ಕೂರುವುದಕ್ಕೆ ಪೊಲೀಸರನ್ನು ಕರೆಯಲಿಕ್ಕಾಗುದಿಲ್ಲ. ಅದನ್ನು ಸರಿ ಮಾಡ್ಲಿಕ್ಕೆ ಯಜಮಾನನೇ ಬೇಕು.

ಇನ್ನು ನಮ್ಮ ಯುವಕರಿಗೆ ಒಂದು ಮಾತು. ಪೋಸ್ಟ್ ಖಾಲಿಯಾದದ್ದು ಗೊತ್ತಾದರೆ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಬರೆದು ಅರ್ಜಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಇಲ್ಲ ಅಂದರೆ ಅದನ್ನೂ ಬರವಣಿಗೆಯಲ್ಲಿ ಕೇಳಿ. ಆ ಕಾಗದಗಳನ್ನು ಸಂಘಕ್ಕೆ ತಂದುಕೊಡಿ. ನಾಳೆ ಕಾನೂನು ಕೇಳ್ಲಿಕ್ಕೆ ಹೋಗುವಾಗ ನಮ್ಮ ಕೈಯಲ್ಲಿ ಕಣ್ಣೀರಿಗಿಂತ ಕಾಗದ ಹೆಚ್ಚು ಬೇಕು.

ಆ ಹುಡುಗಿ ಈಗ ಮನೆ ಜಗಲಿಯಲ್ಲಿ ಸಂಜೆ ಮಕ್ಕಳಿಗೆ ಟ್ಯೂಶನ್ ಕೊಡ್ತಾಳೆ. ಅದೇ ಶಾಲೆಯ ಮಕ್ಕಳೇ ಬರುವುದು. ಮಕ್ಕಳು ಅವಳನ್ನು ಟೀಚರೇ ಎಂದು ಕರೀತಾರೆ. ಮಕ್ಕಳಿಗೆ ಗೊತ್ತಾದದ್ದು ದೊಡ್ಡವರಿಗೂ ಗೊತ್ತಾಗಲಿ ಎಂದು ಹೇಳಿ ನನ್ನ ಮಾತು ಮುಗಿಸ್ತೇನೆ. ಜೈಭೀಮ್.