ಇನ್ನೂರು ಗಂಟೆಗಳ ಹಣ

ಇಂದು ಏರೋನಾಟಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಗೆಳೆಯ ಗೆಳತಿಯರೇ,

ವಿಮಾನ ಹೇಗೆ ಹಾರುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅದನ್ನು ಹಾರಿಸುವವರು ಯಾರ ಮನೆಯ ಮಕ್ಕಳು ಎಂಬ ಬಗ್ಗೆ ಎರಡು ಮಾತು ಆಡುತ್ತೇನೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿ ಮೂಲನಿವಾಸಿಗಳ ಎಷ್ಟೋ ಊರುಗಳಿಗೆ ವರ್ಷವಿಡೀ ಓಡಾಡುವ ರಸ್ತೆಯಿಲ್ಲ. ಚಳಿಗಾಲದಲ್ಲಿ ಕೆರೆ, ನದಿಗಳು ಹೆಪ್ಪುಗಟ್ಟಿದಾಗ ಅವುಗಳ ಮೇಲೆಯೇ ಲಾರಿ ಓಡುತ್ತದೆ. ಹಿಮ ಕರಗಿತೆಂದರೆ ಹಿಟ್ಟು, ಹಾಲಿನಪುಡಿ, ಔಷಧಿ, ಹೆರಿಗೆಗೆ ಹೊರಟ ಬಸುರಿ, ಎಲ್ಲಕ್ಕೂ ಜಲ್ಲಿ ಹಾಸಿದ ರನ್‌ವೇಯಲ್ಲಿ ಇಳಿಯುವ ಸಣ್ಣ ವಿಮಾನವೇ ಗತಿ. ಭೂಮಿ ಬಿಸಿಯಾದಂತೆ ಆ ಹಿಮದ ರಸ್ತೆಯ ಆಯುಸ್ಸೂ ಕಡಿಮೆಯಾಗುತ್ತಿದೆ. ಹೊರಗಿನಿಂದ ಬಂದ ಪೈಲಟ್ ಒಂದಿಷ್ಟು ಅನುಭವ ಗಳಿಸಿ ದೊಡ್ಡ ಕಂಪನಿಗೆ ಹೊರಟರೆ ತಪ್ಪೆನ್ನಲಾಗದು. ಊರಿನ ಮಗಳೇ ಪೈಲಟ್ ಆದರೆ ಉಳಿಯುವುದಕ್ಕೆ ಅವಳಿಗೊಂದು ಕಾರಣವಿರುತ್ತದೆ.

ಅಂಥ ಮಕ್ಕಳಿಗಾಗಿ ಅದೇ ಪ್ರಾಂತ್ಯದ ಟೈಯೆಂಡಿನಾಗದಲ್ಲಿ, ಮೊಹಾಕ್ ಮೂಲನಿವಾಸಿಗಳ ನೆಲದಲ್ಲಿ ಒಂದು ಶಾಲೆಯಿದೆ: 1985ರಲ್ಲಿ ಶುರುವಾದ ಫಸ್ಟ್ ನೇಷನ್ಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಮೂಲನಿವಾಸಿ ವಿದ್ಯಾರ್ಥಿಗಳಿಗೆ ಅದು ಮೂರು ವರ್ಷಗಳ ವಿಮಾನಯಾನ ಡಿಪ್ಲೊಮಾ ಕೊಡುತ್ತದೆ. 2022ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅದರ ಹ್ಯಾಂಗರ್ ಸುಟ್ಟುಹೋಯಿತು. ಒಳಗಿದ್ದ ತರಬೇತಿ ವಿಮಾನಗಳೂ ಹೋದವು. ಆದರೂ ಶಾಲೆ ಮುಚ್ಚಲಿಲ್ಲ. ಅದನ್ನು ತನ್ನದೆಂದುಕೊಂಡ ಸಮುದಾಯವೊಂದು ಬೆನ್ನಿಗಿತ್ತು.

ಈಗ ಹಣದ ಮಾತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಅಲ್ಲೂ ಇಲ್ಲೂ ಇನ್ನೂರು ಗಂಟೆ ಹಾರಿರಬೇಕು. ಪ್ರತಿ ಗಂಟೆಗೂ ಇಂಧನ, ಬೋಧಕರ ಸಂಬಳ, ವಿಮಾನದ ನಿರ್ವಹಣೆ ಎಂದು ಮೀಟರ್ ಓಡುತ್ತಲೇ ಇರುತ್ತದೆ. ವಿದ್ಯಾರ್ಥಿವೇತನದ ಕಂತು ತಡವಾಗಿ ಎರಡು ತಿಂಗಳು ನೆಲದ ಮೇಲೆ ಕುಳಿತವರು ಲ್ಯಾಂಡಿಂಗ್‌ನ ಹದ ಕಳೆದುಕೊಳ್ಳುತ್ತಾರೆ. ಕಲಿತಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಕಲಿಯಬೇಕು. ಉಳ್ಳವರು ಆ ನಷ್ಟ ತುಂಬಿಕೊಂಡಾರು. ಬಡವರ ಮಕ್ಕಳು ಮನೆಗೆ ಮರಳುತ್ತಾರೆ. ಆದ್ದರಿಂದ ಅರ್ಧ ಶುಲ್ಕ ಕೊಟ್ಟು ಕೈತೊಳೆದುಕೊಳ್ಳುವ ಯೋಜನೆಗಳನ್ನು ನಾನು ನೆರವು ಎಂದು ಕರೆಯಲಾರೆ. ಇನ್ನೂರು ಗಂಟೆಗಳ ಪೂರ್ತಿ ಹಣ ಮೊದಲ ದಿನವೇ ತೆಗೆದಿಟ್ಟಿರಬೇಕು. ತರಬೇತಿ ಶಾಲೆಯಲ್ಲಿ ಸೀಟು ಹೆಚ್ಚಿಸುವುದಾದರೆ ಬೋಧಕರು, ವಿಮಾನಗಳು, ಹಾಸ್ಟೆಲ್ ಕೂಡ ಹೆಚ್ಚಬೇಕು.

ನಮ್ಮ ದೇಶದಲ್ಲಿ ಒಡಿಶಾದ ಮಲ್ಕಾನ್‌ಗಿರಿಯ ಆದಿವಾಸಿ ಯುವತಿ ಅನುಪ್ರಿಯಾ ಲಾಕ್ರಾ 2019ರಲ್ಲಿ ಸಹಪೈಲಟ್ ಆದಾಗ ಎಲ್ಲರೂ ಸಂಭ್ರಮಿಸಿದೆವು. ಅವರ ತಂದೆ ಪೊಲೀಸ್ ಹವಾಲ್ದಾರ್. ಮಗಳ ತರಬೇತಿಗೆ ಸಾಲ ಮಾಡಿದ್ದರು. ಒಂದು ಕುಟುಂಬದ ಸಾಲವನ್ನು ದೇಶದ ಸಾಧನೆಯೆಂದು ಬರೆದುಕೊಳ್ಳುವುದು ನ್ಯಾಯವಲ್ಲ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ದಶಕಗಳಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಸೋಲಿಗರ, ಜೇನುಕುರುಬರ ಹಾಡಿಗಳಿಂದ ಆ ರನ್‌ವೇಗೆ ಎಷ್ಟು ಮಕ್ಕಳು ಬಂದಿದ್ದಾರೆಂದು ನಾವು ಕೇಳಿಕೊಳ್ಳಬೇಕು.

ಪದವೀಧರರೇ, ನಿಮ್ಮಲ್ಲಿ ಕೆಲವರು ವಿಮಾನ ಕಂಪನಿ ಸೇರುತ್ತೀರಿ, ಕೆಲವರು ಸರ್ಕಾರದಲ್ಲಿ ಕಡತಕ್ಕೆ ಸಹಿ ಹಾಕುತ್ತೀರಿ. ಪೈಲಟ್ ಆಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ಹತ್ತಿರದ ಆಶ್ರಮ ಶಾಲೆಗೆ ಹೋಗಿ, ಆ ಎರಡು ವಿಷಯಗಳನ್ನು ಮಕ್ಕಳಿಗೆ ಪಾಠ ಮಾಡಿ. ಅಧಿಕಾರ ಕೈಗೆ ಬಂದ ದಿನ ಇನ್ನೂರು ಗಂಟೆಗಳ ಹಣ ಮಂಜೂರು ಮಾಡಿ.