ಕೇಳಿಸಿಕೊಳ್ಳುವುದೂ ದಾಸೋಹ
(ಮಠದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ವಚನ ಸಾಹಿತ್ಯದ ಪಂಡಿತನಲ್ಲ. ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಪೂಜ್ಯರು ಅಪ್ಪಣೆ ಕೊಟ್ಟಾಗ ಒಪ್ಪಿಕೊಂಡೆ. ಯಾಕೆಂದರೆ ಈ ಮಕ್ಕಳು ಎಲ್ಲಿಂದಲೋ ಬಂದವರಲ್ಲ, ಇಷ್ಟಲಿಂಗ ಪೂಜೆ ನಡೆಯುವ ನಮ್ಮ ಮನೆಗಳಲ್ಲೇ ಹುಟ್ಟಿದವರು. (ಈ ಸಭೆಯಲ್ಲಿ ‘ಲಿಂಗ’ ಎಂದೊಡನೆ ಎಲ್ಲರಿಗೂ ಅಂಗೈ ನೆನಪಾಗುತ್ತದೆ. ಇಲ್ಲಿ ಆ ಪದದ ಅರ್ಥ ಬೇರೆ, ಗೊಂದಲ ಬೇಡ.)

ಗಂಡುಮಗುವೆಂದು ಹೆಸರಿಟ್ಟಿರುತ್ತೇವೆ, ಬೆಳೆಯುತ್ತ ಅದು ತಾನು ಹೆಣ್ಣೆಂದು ಒಳಗೊಳಗೇ ಅರಿಯುತ್ತದೆ. ಹೆಣ್ಣೆಂದು ಬೆಳೆಸಿದ ಮಗು ತಾನು ಗಂಡೆನ್ನುತ್ತದೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 4.88 ಲಕ್ಷ ಜನರನ್ನು ‘ಇತರೆ’ ಎಂದು ಬರೆಸಲಾಯಿತು. ಮನೆಯವರು ಮುಚ್ಚಿಟ್ಟವರು ಆ ಲೆಕ್ಕದಲ್ಲಿಲ್ಲ. ಇದು ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಇದನ್ನು ಮನೋರೋಗಗಳ ಸಾಲಿನಿಂದ ತೆಗೆದಿದೆ. ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಆದರೂ ನಮ್ಮವರು ಮೊದಲು ಓಡುವುದು ಮೈಮೇಲೆ ದೇವರು ಬರುವವರ ಹತ್ತಿರ! ಬಸವಣ್ಣನವರ ಹೆಸರು ಹೇಳುವ ನಾವು. ಅದೂ ಫಲಿಸದಿದ್ದರೆ ‘ಲಗ್ನ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಏನೂ ಅರಿಯದ ಇನ್ನೊಂದು ಜೀವವನ್ನು ತಂದು ಕಟ್ಟುವುದು ಯಾವ ನ್ಯಾಯ?

ಮಂಜಮ್ಮ ಜೋಗತಿಯವರನ್ನು ನೀವೆಲ್ಲ ಬಲ್ಲಿರಿ. ಬಳ್ಳಾರಿ ಸೀಮೆಯವರು. ಸಾಯಲು ಹೊರಟದ್ದನ್ನು, ಭಿಕ್ಷೆ ಬೇಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಜೋಗತಿ ನೃತ್ಯ ಅವರ ಕೈಹಿಡಿಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ನಾವೂ ಚಪ್ಪಾಳೆ ತಟ್ಟಿದೆವು. ಅವರ ಜೀವನಕಥೆಯ ಹೆಸರು ‘ನಡುವೆ ಸುಳಿವ ಹೆಣ್ಣು’. ಹೆಸರು ಕೇಳಿದರೆ ಸಾಕು, ದಾಸಿಮಯ್ಯನವರು ನೆನಪಾಗುತ್ತಾರೆ. ವಚನವನ್ನು ನಮಗಿಂತ ಚೆನ್ನಾಗಿ ಅವರು ಬದುಕಿದರು ಎಂದೇ ನನ್ನ ಅಭಿಪ್ರಾಯ. ಆದರೆ ಪದ್ಮಶ್ರೀ ಬರುವವರೆಗೆ ಮನೆಯ ಮಗು ಮರ್ಯಾದೆಗಾಗಿ ಕಾಯಬೇಕೆ?

ಶರಣಸತಿ ಲಿಂಗಪತಿ ಭಾವ ನಮ್ಮದು. ಗಂಡಸರಾದ ಶರಣರೂ ತಮ್ಮನ್ನು ಸತಿ ಎಂದುಕೊಂಡರು. ಅದು ಭಕ್ತಿಯ ನೆಲೆ. ಈ ಮಕ್ಕಳದು ದಿನನಿತ್ಯದ ಬದುಕು. ಎರಡೂ ಒಂದೇ ಎಂದು ನಾನು ಹೇಳಲಾರೆ. ಆದರೆ ಪ್ರವಚನದಲ್ಲಿ ಅದಕ್ಕೆ ತಲೆದೂಗಿದವರು ಮನೆಗೆ ಹೋಗಿ ಕೋಲು ಹಿಡಿಯುವುದು ಹೇಗೆ?

ಕಳೆದ ವರ್ಷ ಪರಿಚಯದವರೊಬ್ಬರು ಎರಡನೇ ಪಿಯುಸಿ ಓದುವ ಮಗನನ್ನು ನಮ್ಮ ಮನೆಗೆ ಕರೆತಂದರು. “ಸಾಹೇಬ್ರ, ನೀವಾದ್ರೂ ಬುದ್ಧಿ ಹೇಳ್ರಿ. ನಾ ಹುಡುಗಿ ಅಂತಾನ” ಎಂದರು. ಅವರನ್ನು ಪಡಸಾಲೆಯಲ್ಲಿ ಚಹಾ ಕುಡಿಯಲು ಕೂಡ್ರಿಸಿ, ನಾವಿಬ್ಬರೂ ಹಿತ್ತಲಿಗೆ ಹೋದೆವು. “ನಿನ್ನ ಏನಂತ ಕರೀಲಿ?” ಎಂದು ಕೇಳಿದೆ. ಬಹಳ ಹೊತ್ತು ನೆಲ ನೋಡುತ್ತಿದ್ದು ಒಂದು ಹೆಸರು ಹೇಳಿದಳು. ಆಮೇಲೆ ಒಂದು ತಾಸು ಅವಳದೇ ಮಾತು. ಕಾಲೇಜಿನ ಶೌಚಾಲಯಕ್ಕೆ ಹೋಗಲು ಹೆದರಿ ಮುಂಜಾನೆಯಿಂದ ನೀರೇ ಕುಡಿಯದೆ ಇರುತ್ತಿದ್ದಳಂತೆ. ಸೋದರಮಾವ ಬೆಲ್ಟಿನಿಂದ ಹೊಡೆದ ಗುರುತು ತೋಳಿನ ಮೇಲಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ.

“ಕಾಕಾ, ಅಪ್ಪಗ ಏನು ಹೇಳ್ತೀರಿ?”

“ನೀ ಏನು ಹೇಳು ಅಂತೀಯೋ ಅಷ್ಟ.”

“ಹೊಡೀಬ್ಯಾಡ, ಕಾಲೇಜು ಬಿಡಸಬ್ಯಾಡ ಅಂತ ಹೇಳ್ರಿ. ಉಳಿದದ್ದು ನಾನ ಹೇಳ್ತೀನಿ.”

ಆ ಎರಡನ್ನೇ ಹೇಳಿದೆ. ತಂದೆ ಸಿಟ್ಟಿನಿಂದಲೇ ಎದ್ದುಹೋದರು. ಇಂದಿಗೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಹೊಡೆತ ನಿಂತಿದೆ, ಫೀ ಕಟ್ಟಿದ್ದಾರೆ.

ಮಣ್ಣಿನ ಕಟ್ಟೆಯಲ್ಲಿ ನೀರು ಜಿನುಗುವುದು ಸಹಜ. ಹೊಸ ಎಂಜಿನಿಯರುಗಳು ಗಾಬರಿಯಾಗಿ ಕೆಳಬದಿಯ ಬಾಯಿ ಮುಚ್ಚಿಸಲು ಹೊರಡುತ್ತಾರೆ. ಮುಚ್ಚಿದರೆ ಒಳಗೆ ಒತ್ತಡ ಏರಿ ಕಟ್ಟೆಯೇ ಜಾರೀತು. ಅದಕ್ಕೇ ಬುಡದಲ್ಲಿ ಮರಳು, ಜಲ್ಲಿ ಹಾಕಿ ನೀರಿಗೆ ದಾರಿ ಬಿಡುತ್ತೇವೆ. ಕೇಳಿಸಿಕೊಳ್ಳುವುದೆಂದರೆ ನನಗೆ ತೋಚಿದ್ದು ಇಷ್ಟು. ಮಗು ನಂಬಿ ಹೇಳಿದ್ದನ್ನು ಅದರ ಒಪ್ಪಿಗೆಯಿಲ್ಲದೆ ಬೀಗರಿಗೆ, ನೆರೆಯವರಿಗೆ ಹೇಳಬೇಡಿ. ‘ಖಚಿತ ಏನು?’ ಎಂದು ವಕೀಲರಂತೆ ಪಾಟೀಸವಾಲು ಮಾಡಬೇಡಿ. ಸಾಯುವ ಮಾತು ಬಂದರೆ ಮಾತ್ರ ಒಂಟಿಯಾಗಿ ಬಿಡಕೂಡದು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಮಾತಾಡುವವರು ಸಿಗುತ್ತಾರೆ, ಖರ್ಚಿಲ್ಲ.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಎತ್ತಿಹಿಡಿಯಿತು. ಈ ಕಾರಣಕ್ಕಾಗಿ ಮಗುವನ್ನು ತಂದೆತಾಯಿಯಿಂದ ಅಗಲಿಸುವಂತಿಲ್ಲ, ಮನೆಯಲ್ಲಿ ಇರಲು ಅದಕ್ಕೆ ಹಕ್ಕಿದೆ ಎಂದು 2019ರ ಕಾಯ್ದೆಯಲ್ಲಿ ಬರೆಯಲಾಯಿತು. ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಆದರೆ ಮನೆಯಿಂದ ಹೊರಬಿದ್ದು ಓದು ನಿಂತರೆ ಆ ಹುದ್ದೆಗೆ ಅರ್ಜಿ ಹಾಕುವವರು ಯಾರು?

ಅದಕ್ಕೇ ಕೊನೆಯ ಮಾತು ನಮ್ಮ ಪ್ರಸಾದ ನಿಲಯಗಳ ಬಗ್ಗೆ. ನಾನೂ ಅಲ್ಲಿಯ ಅನ್ನ ಉಂಡು ಓದಿದವನು. ಬೆಳಗಿನ ಜಾವ ಸಾಲು ನಲ್ಲಿಗಳ ಕೆಳಗೆ ಐವತ್ತು ಹುಡುಗರು ಒಟ್ಟಿಗೆ ಸ್ನಾನ. ನಮಗದು ಮೋಜು. ಆ ಸಾಲಿನಲ್ಲಿ ಇಂಥ ಮಗುವೊಂದಿದ್ದರೆ ಅದರ ಪಾಡೇನು? ಎಷ್ಟು ದಿನ ನಾಲ್ಕಕ್ಕೇ ಎದ್ದು ಕತ್ತಲಲ್ಲಿ ಸ್ನಾನ ಮುಗಿಸೀತು? ಪೂಜ್ಯರಲ್ಲಿ ಎರಡು ಬಿನ್ನಹ. ಪ್ರತಿ ನಿಲಯದಲ್ಲಿ ಮಕ್ಕಳು ಹೆದರದೆ ಮಾತಾಡಬಹುದಾದ ಒಬ್ಬ ಹಿರಿಯರನ್ನು ಹೆಸರಿಸಬೇಕು. ಅವರು ವಾರ್ಡನ್ ಆಗಿರದಿದ್ದರೆ ಒಳ್ಳೆಯದು. ಎರಡನೆಯದು, ಯಾರು ಬೇಕಾದರೂ ಬಳಸಬಹುದಾದ ಒಂದೆರಡು ಒಂಟಿ ಸ್ನಾನದ ಕೋಣೆ. ನಾಲ್ಕಡಿಗೆ ಐದಡಿ ಸಾಕು, ಒಂದು ನಲ್ಲಿ, ಒಳಗಿನಿಂದ ಹಾಕುವ ಗಟ್ಟಿ ಚಿಲಕ. ಇಂಥವರಿಗೆಂದು ಬೋರ್ಡು ಬೇಡ. ಜಾಗ ತೋರಿಸಿದರೆ ನಕ್ಷೆ, ಅಂದಾಜುಪಟ್ಟಿ ನಾನೇ ತಯಾರಿಸುತ್ತೇನೆ. ಮೊದಲ ಕೋಣೆಯ ಖರ್ಚು ನನ್ನ ಪಿಂಚಣಿಯಿಂದ.